ಮನೆಯ ಬೆಳಕಿಂಡಿಗೆ ಯಾವ ಗಾಜು, ಯಾವ ಶೀಟ್? ಆಯ್ಕೆಯಿಂದ ಅಳವಡಿಕೆಯವರೆಗೆ

ಗೋಡೆಯ ಕಿಟಕಿಗೆ ಹಾಕುವ ಗಾಜನ್ನೇ ಚಾವಣಿಗೂ ಹಾಕಿದರಾಯಿತು ಎಂದುಕೊಂಡು ಕೆಲಸ ಶುರುಮಾಡುವವರು ಬಹಳ ಮಂದಿ. ಕಿಟಕಿಯ ಗಾಜು ಒಡೆದರೆ ಗೋಡೆಯ ಬುಡದಲ್ಲಿ ಬೀಳುತ್ತದೆ. ಚಾವಣಿಯ ಗಾಜು ಒಡೆದರೆ ಕೆಳಗೆ ಕೂತವರ ತಲೆಯ ಮೇಲೆ ಬೀಳುತ್ತದೆ. ಕಿಟಕಿಗೆ ಸಜ್ಜೆಯ ನೆರಳಿರುತ್ತದೆ. ಚಾವಣಿಗೆ ನಡುಹಗಲಿನ ಬಿಸಿಲು ಅಡ್ಡಿಯಿಲ್ಲದೆ ಬಡಿಯುತ್ತದೆ. ಕಿಟಕಿಗೆ ತಗಲಿದ ಮಳೆನೀರು ಅಲ್ಲೇ ಇಳಿದುಹೋಗುತ್ತದೆ. ಚಾವಣಿಯಲ್ಲಿ ನೀರು ಪ್ರತಿ ಸಂದಿನ ಮೇಲೂ ಹಾದು ಹೋಗಬೇಕು. ಹಾಗಾಗಿ ಇಲ್ಲಿ ಪ್ರಶ್ನೆಗಳನ್ನು ಕೇಳಿಕೊಳ್ಳುವ ಕ್ರಮವೇ ಬೇರೆ. ಒಡೆದ ದಿನ ಏನಾಗುತ್ತದೆ? ಕಡುಬಿಸಿಲಿನ ಹೊತ್ತಿನಲ್ಲಿ ಏನಾಗುತ್ತದೆ? ಜಡಿಮಳೆಯಲ್ಲಿ ಏನಾಗುತ್ತದೆ? ಈ ಮೂರಕ್ಕೂ ಸರಿಯಾದ ಉತ್ತರ ಕೊಡುವ ವಸ್ತುಗಳನ್ನು ಮಾತ್ರ ಉಳಿಸಿಕೊಂಡು, ಅವುಗಳಲ್ಲಿ ಬೆಳಕು, ಅಂದ, ಖರ್ಚು ನೋಡಿ ಆರಿಸಬೇಕು.

ಹಂತ 1: ಜಾಗವನ್ನು ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿ: ಬೆಳಕಿಂಡಿಯ ಕೆಳಗೆ ಜನ ಕೂರುವ, ಮಲಗುವ ಜಾಗವಿದೆಯೋ ಬರೀ ಓಡಾಡುವ ಜಾಗವೋ, ಕಿಂಡಿಯ ಉದ್ದಗಲ, ಚಾವಣಿಯ ವಾಟ, ಅದು ಮುಖ ಮಾಡಿರುವ ದಿಕ್ಕು, ಮೇಲಿಂದ ಬೀಳಬಹುದಾದ ಕೊಂಬೆ, ಕಾಯಿ, ಪಕ್ಕದ ಗೋಡೆಯ ಗಾರೆ, ಆಲಿಕಲ್ಲು ಅಥವಾ ಹಿಮ, ಮುಂದೆ ತೊಳೆಯಲು ಅಲ್ಲಿಗೆ ಕೈ ಹೇಗೆ ತಲುಪುತ್ತದೆ ಎಂಬುದು.

ಗಾತ್ರದ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. ಕಿಟಕಿಗಳಿರುವ ಕೋಣೆಗೆ ನೆಲದ ವಿಸ್ತೀರ್ಣದ ಶೇ. 5ರಷ್ಟು ಬೆಳಕಿಂಡಿ ಸಾಕು. ಕಿಟಕಿಯೇ ಇಲ್ಲದಂತಿರುವ ಕೋಣೆಗೂ ಶೇ. 15 ದಾಟಬೇಡಿ. 12 ಚದರ ಮೀಟರ್‌ನ ಕೋಣೆಗೆ ಮೊದಲನೆಯ ಲೆಕ್ಕದಲ್ಲಿ 0.6 ಚದರ ಮೀಟರ್ ಆಗುತ್ತದೆ. ನೋಡಲು ಚಿಕ್ಕದೆನಿಸಿದರೂ ಮೇಲಿಂದ ಬರುವ ಬೆಳಕು ಅದೇ ಅಳತೆಯ ಗೋಡೆ ಕಿಟಕಿಯ ಬೆಳಕಿಗಿಂತ ಬಹಳ ಹೆಚ್ಚು. ಬೇಕಾದದ್ದಕ್ಕಿಂತ ದೊಡ್ಡದು ಮಾಡಿ, ಬೇಸಿಗೆ ಬಂದಾಗ ಅದರ ಮೇಲೆ ಟಾರ್ಪಾಲು ಹೊದಿಸುವ ಮನೆಗಳಲ್ಲಿ ತಪ್ಪಾಗಿರುವುದು ಇಲ್ಲೇ.

ವಾಟ ಅಳೆಯಲು ಒಂದು ಮೀಟರ್ ಉದ್ದದ ರಸಮಟ್ಟ ಸಾಕು. ಅದರ ಒಂದು ತುದಿಯನ್ನು ಚಾವಣಿಗೆ ತಾಗಿಸಿ, ಗುಳ್ಳೆ ನಡುವೆ ಬರುವಂತೆ ಹಿಡಿದು, ಇನ್ನೊಂದು ತುದಿಯ ಕೆಳಗೆ ಉಳಿದ ಅಂತರ ನೋಡಿ. 9 ಸೆಂ.ಮೀ. ಇದ್ದರೆ ಸುಮಾರು 5 ಡಿಗ್ರಿ, 18 ಇದ್ದರೆ 10 ಡಿಗ್ರಿ, 27 ಇದ್ದರೆ 15 ಡಿಗ್ರಿ. ಒಳಗೆ ಸಾಲು ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆಯಾದ ಟೊಳ್ಳು ಪಾಲಿಕಾರ್ಬೊನೇಟ್ ಶೀಟಿಗೆ ಕನಿಷ್ಠ 5 ಡಿಗ್ರಿ ಬೇಕು. ಪಟ್ಟಿ ಕೂರಿಸಿ ಸಾಲಾಗಿ ಜೋಡಿಸುವ ಗಾಜಿನ ಮಾಡಿಗೆ 15 ಡಿಗ್ರಿ ಇದ್ದರೆ ನೆಮ್ಮದಿ. ಸಮತಟ್ಟಾದ ತಾರಸಿಗೆ ಒಂದೇ ತುಂಡಿನ ಗಾಜು ಹಾಕುವಾಗಲೂ ಕಟ್ಟೆಯ ಒಂದು ಬದಿಯನ್ನು ಎತ್ತರಿಸಿ 3ರಿಂದ 5 ಡಿಗ್ರಿ ವಾಟ ಕೊಡಿ. ಮಟ್ಟಸವಾಗಿ ಮಲಗಿಸಿದ ಗಾಜು ತನ್ನ ಭಾರಕ್ಕೇ ನಡುವೆ ಕೂದಲೆಳೆಯಷ್ಟು ಜಗ್ಗುತ್ತದೆ. ಅಲ್ಲಿ ನೀರು ನಿಂತು ಒಣಗಿ ಉಂಗುರದಂತಹ ಕಲೆ ಉಳಿಯುತ್ತದೆ, ಅದು ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ.

ದಿಕ್ಕಿನ ಮಾತು ಬಂದರೆ, ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಇಳಿದ ಮಾಡು ದಿನವಿಡೀ ಒಂದೇ ಹದದ ತಂಪು ಬೆಳಕು ಕೊಡುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದು ತಿರುಗುಮುರುಗು. ಪಶ್ಚಿಮಕ್ಕೆ ಇಳಿದ ಮಾಡು ಎಲ್ಲ ಕಡೆಯೂ ಸಂಜೆಯ ಸೆಕೆಯನ್ನು ಒಳಗೆ ತರುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೇ ಬರುವುದರಿಂದ ದಿಕ್ಕನ್ನು ನಂಬಿ ಕೂರುವಂತಿಲ್ಲ, ಗಾಜೇ ಬಿಸಿಲನ್ನು ತಡೆಯಬೇಕು.

ಹಂತ 2: ಒಡೆದರೆ ಏನಾಗುತ್ತದೆ ಎಂಬುದರಿಂದ ಆರಿಸಿ

ಸಾದಾ ಗಾಜು ಒಡೆದರೆ ಕತ್ತಿಯಂತಹ ಚೂರುಗಳಾಗುತ್ತದೆ. ಮನೆಯೊಳಗೆ ತಲೆಯ ಮೇಲೆ ಅದಕ್ಕೆ ಒಂಟಿಯಾಗಿ ಜಾಗವೇ ಇಲ್ಲ. ತಂತಿಬಲೆ ಹುದುಗಿಸಿದ ಹಳೆಯ ಮಾದರಿಯ ಗಾಜು ಗಟ್ಟಿ ಎಂಬ ನಂಬಿಕೆ ಈಗಲೂ ಇದೆ. ನಿಜದಲ್ಲಿ ಅದು ಅಷ್ಟೇ ದಪ್ಪದ ಸಾದಾ ಗಾಜಿಗಿಂತ ದುರ್ಬಲ. ಬಲೆ ಚೂರುಗಳನ್ನು ಹಿಡಿದಿಡುತ್ತದೆ ನಿಜ, ಆದರೆ ಅಂಚಿನಲ್ಲಿ ತಂತಿಗೆ ತುಕ್ಕು ಹಿಡಿದು ಉಬ್ಬಿದಾಗ ಗಾಜು ತಾನಾಗಿ ಬಿರುಕು ಬಿಡುತ್ತದೆ.

ಕಾಯಿಸಿ ಥಟ್ಟನೆ ತಣಿಸಿ ಹದಗೊಳಿಸಿದ ಟಫನ್ಡ್ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೆ ಕಲ್ಲುಸಕ್ಕರೆಯಂತಹ ಪುಟ್ಟ ಹರಳುಗಳಾಗುತ್ತದೆ, ಕತ್ತರಿಸುವುದು ಕಡಿಮೆ. ಆದರೆ ಆ ಹರಳುಗಳು ಬಿಡಿಬಿಡಿಯಾಗಿಯೇ ಉದುರುತ್ತವೆಂದು ಹೇಳುವಂತಿಲ್ಲ. ಅಂಗೈ ಅಗಲದ ಹೆಂಟೆಗಳಾಗಿಯೂ ಬೀಳುತ್ತವೆ. ಮೂರು ಮೀಟರ್ ಎತ್ತರದಿಂದ ಬಿದ್ದರೆ ಪೆಟ್ಟಾಗದೆ ಇರದು. ಇನ್ನೊಂದು ಸಮಸ್ಯೆಯೂ ಇದೆ. ಗಾಜಿನೊಳಗೆ ಸಿಕ್ಕಿಕೊಂಡ ನಿಕೆಲ್ ಸಲ್ಫೈಡ್‌ನ ಸೂಕ್ಷ್ಮ ಕಣ ಕಾಲಕ್ರಮದಲ್ಲಿ ಉಬ್ಬುತ್ತದೆ, ಯಾರೂ ಮುಟ್ಟದೆ, ಯಾವ ಕಲ್ಲೂ ಬೀಳದೆ ಗಾಜು ಸಿಡಿಯುತ್ತದೆ. ಇಂತಹ ಹಾಳೆಗಳನ್ನು ಕಾರ್ಖಾನೆಯಲ್ಲೇ ಒಡೆದು ಬೇರ್ಪಡಿಸಲು, ಟಫನ್ ಮಾಡಿದ ಗಾಜನ್ನು 260ರಿಂದ 290 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಇಡುವ ‘ಹೀಟ್ ಸೋಕ್’ ಪರೀಕ್ಷೆ ಇದೆ. ಚಾವಣಿಯ ಟಫನ್ಡ್ ಗಾಜಿಗೆ ಇದನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಲ್ಯಾಮಿನೇಟೆಡ್ ಗಾಜು ಎಂದರೆ ಎರಡು ಗಾಜಿನ ನಡುವೆ ಪಿವಿಬಿ ಎಂಬ ಅಂಟುಪದರ ಇಟ್ಟು ಬೆಸೆದದ್ದು. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡು ಮೇಲೆಯೇ ಉಳಿಯುತ್ತವೆ. ಕೆಳಗೆ ಜನರಿರುವ ಯಾವುದೇ ಚಾವಣಿಯಲ್ಲಿ ಒಳಬದಿಯ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು. ಈ ಒಂದು ವಿಷಯದಲ್ಲಿ ರಾಜಿ ಬೇಡ. ಅಂಟುಪದರ 0.38 ಮಿ.ಮೀ.ನಲ್ಲೂ ಸಿಗುತ್ತದೆ, ಚಾವಣಿಗೆ 0.76 ಕನಿಷ್ಠ, ದೊಡ್ಡ ತುಂಡಿಗೆ 1.52 ಇರಲಿ. ನೇರಳಾತೀತ ಕಿರಣಗಳಲ್ಲಿ ಶೇ. 99ರಷ್ಟನ್ನು ಈ ಪದರವೇ ತಡೆಯುವುದರಿಂದ ಕೆಳಗಿನ ಪರದೆ, ಮರದ ಸಾಮಾನು ಬಣ್ಣಗೆಡುವುದೂ ಕಡಿಮೆ.

ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಸೂಕ್ಷ್ಮವೊಂದಿದೆ. ಎರಡೂ ಪದರ ಟಫನ್ಡ್ ಆಗಿರುವ ಲ್ಯಾಮಿನೇಟೆಡ್ ಗಾಜು ಕೇಳಲು ಅತಿ ಗಟ್ಟಿ ಎನಿಸುತ್ತದೆ. ಎರಡೂ ಒಡೆದಾಗ ಮಾತ್ರ ಅದು ಒದ್ದೆ ಕಂಬಳಿಯ ಹಾಗೆ ಜೋತುಬಿದ್ದು ಚೌಕಟ್ಟಿನಿಂದ ಜಾರಬಹುದು, ಏಕೆಂದರೆ ಹರಳು ಹರಳಾದ ಗಾಜಿನಲ್ಲಿ ಬಿಗುವೇ ಉಳಿದಿರುವುದಿಲ್ಲ. ಅರ್ಧ ಹದಗೊಳಿಸಿದ ‘ಹೀಟ್ ಸ್ಟ್ರೆಂತನ್ಡ್’ ಗಾಜಿನ ಜೋಡಿ ದೊಡ್ಡ ತುಂಡುಗಳಾಗಿ ಒಡೆಯುತ್ತದೆ. ಒಂದರ ಬಿರುಕು ಇನ್ನೊಂದರ ಬಿರುಕಿನ ಮೇಲೆ ಬೀಳುವುದು ಅಪರೂಪವಾದ್ದರಿಂದ ತುಂಡುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬದಲಿ ಗಾಜು ಬರುವ ತನಕ ಕೆಲವು ದಿನ ಮೇಲೆ ನಿಲ್ಲಬೇಕಾದದ್ದು ಇಂತಹ ಗಾಜು. ಹಾಗಾಗಿ ನಡುವೆ ಅಂತರ ಬಿಟ್ಟು ಅಂಚು ಮುಚ್ಚಿದ ಜೋಡಿಗಾಜಿನಲ್ಲಿ ಹೊರಗೆ ಟಫನ್ಡ್, ಒಳಗೆ ಹೀಟ್ ಸ್ಟ್ರೆಂತನ್ಡ್ ಲ್ಯಾಮಿನೇಟೆಡ್ ಎಂಬುದು ವಾಸದ ಕೋಣೆಗೆ ನಮ್ಮ ಮೊದಲ ಸಲಹೆ.

ಪಾಲಿಕಾರ್ಬೊನೇಟ್ ಒಡೆಯುವ ಭಯವೇ ಇಲ್ಲದ ವಸ್ತು. ಸುತ್ತಿಗೆಯಲ್ಲಿ ಹೊಡೆದರೂ ಗಟ್ಟಿಶೀಟ್ ನುಗ್ಗಾಗುತ್ತದೆಯೇ ಹೊರತು ಚೂರಾಗುವುದಿಲ್ಲ. ಗಾಜಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. ಆದರೆ ಇದರದು 1.2. ಟೊಳ್ಳು ಶೀಟ್ ಇನ್ನೂ ಹಗುರ: 10 ಮಿ.ಮೀ. ದಪ್ಪದ್ದು ಚದರ ಮೀಟರಿಗೆ 1.7 ಕೆ.ಜಿ. ಮಾತ್ರ. ಇದರ ಕೊರತೆಗಳು ಬೇರೆ. ಗೀರು ಬೀಳುತ್ತದೆ, ಮಳೆ ಬಂದರೆ ತಮಟೆಯ ಹಾಗೆ ಸದ್ದು, ಬಿಸಿಲಿಗೆ ಹಿಗ್ಗುತ್ತದೆ, ವರ್ಷಗಳು ಕಳೆದಂತೆ ಹಳದಿಯಾಗುತ್ತದೆ.

ಅಕ್ರಿಲಿಕ್ ತಿಳಿಯಾಗಿದ್ದು ಶೇ. 92ರಷ್ಟು ಬೆಳಕು ಬಿಡುತ್ತದೆ, ಹಳದಿಯಾಗುವುದು ನಿಧಾನ. ಆದರೆ ಪಾಲಿಕಾರ್ಬೊನೇಟ್‌ಗಿಂತ ಬಹಳ ಬೇಗ ಸೀಳುತ್ತದೆ. ತಾರಸಿಯ ಮೇಲಿನ ಗುಮ್ಮಟದಂತಹ ಸಿದ್ಧ ಬೆಳಕಿಂಡಿಗೆ ಸರಿ, ಶೀಟಾಗಿ ಹಾಸಲು ಬೇಡ. ಫೈಬರ್ ಶೀಟ್ ವಾಹನ ನಿಲ್ಲಿಸುವ ಜಾಗಕ್ಕೆ, ಕೊಟ್ಟಿಗೆಗೆ ಸಾಕು. ಮೇಲ್ಪದರ ಸವೆದು ನಾರು ಎದ್ದ ಮೇಲೆ ಧೂಳು ಹಿಡಿದು ಮಬ್ಬಾಗುತ್ತದೆ. ಹಳೆಯ ಫೈಬರ್ ಶೀಟಿನ ಮೇಲೆ ಯಾವತ್ತೂ ಕಾಲಿಡಬೇಡಿ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಕಾಲು ನೇರ ಕೆಳಗಿಳಿಯುತ್ತದೆ.

ಹಂತ 3: ಬಿಸಿಲಿನ ಲೆಕ್ಕ ಹಾಕಿ

ಗಾಜಿನ ಮಾಹಿತಿಪತ್ರದಲ್ಲಿ ಮೂರು ಅಂಕಿ ಹುಡುಕಿ. ವಿಎಲ್‌ಟಿ ಎಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. ಎಸ್‌ಎಚ್‌ಜಿಸಿ ಎಂದರೆ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. ಯು-ಮೌಲ್ಯ ಎಂದರೆ ಒಳಗೂ ಹೊರಗೂ ಉಷ್ಣಾಂಶದ ವ್ಯತ್ಯಾಸವಿದ್ದಾಗ ಗಾಜಿನ ಮೂಲಕ ಶಾಖ ಹಾಯುವ ವೇಗ.

ನಿಚ್ಚಳ ಆಕಾಶದ ನಡುಹಗಲಿನಲ್ಲಿ ಬಿಸಿಲಿಗೆ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್ ಶಕ್ತಿ ಬೀಳುತ್ತದೆ. ಎರಡು ಚದರ ಮೀಟರ್ ಬೆಳಕಿಂಡಿಗೆ 6 ಮಿ.ಮೀ. ತಿಳಿ ಒಂಟಿಗಾಜು ಹಾಕಿದರೆ, ಅದರ ಎಸ್‌ಎಚ್‌ಜಿಸಿ 0.82ರ ಆಸುಪಾಸು ಇರುವುದರಿಂದ 1600 ವ್ಯಾಟ್‌ಗೂ ಹೆಚ್ಚು ಶಾಖ ಕೋಣೆಯೊಳಗೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಕೋಣೆಯಲ್ಲಿ ದೊಡ್ಡದೊಂದು ಹೀಟರ್ ಹಚ್ಚಿಟ್ಟ ಹಾಗೆ. ಅದೇ ಜಾಗಕ್ಕೆ 0.28ರ ಬಿಸಿಲುತಡೆ ಲೇಪನದ ಜೋಡಿಗಾಜು ಹಾಕಿದರೆ 560 ವ್ಯಾಟ್.

ಶಾಖ ತಡೆಯಲು ಕಪ್ಪು, ಕಂದು ಬಣ್ಣದ ಗಾಜು ಹಾಕಿಸುವುದು ಸಾಮಾನ್ಯ ತಪ್ಪು. 6 ಮಿ.ಮೀ. ಕಂದು ಗಾಜು ಬೆಳಕನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ, ಆದರೆ ಶಾಖದಲ್ಲಿ ಶೇ. 60ರಷ್ಟನ್ನು ಒಳಗೆ ಬಿಡುತ್ತದೆ. ಅಂದರೆ ಕಳೆದುಕೊಂಡದ್ದು ಬೆಳಕು, ಉಳಿದದ್ದು ಸೆಕೆ. ವಿಎಲ್‌ಟಿಯನ್ನು ಎಸ್‌ಎಚ್‌ಜಿಸಿಯಿಂದ ಭಾಗಿಸಿ ನೋಡಿ. ಕಂದು ಗಾಜಿನಲ್ಲಿ ಉತ್ತರ ಒಂದಕ್ಕಿಂತ ಕಡಿಮೆ ಬರುತ್ತದೆ. ಒಳ್ಳೆಯ ಲೇಪನದ ಗಾಜಿನಲ್ಲಿ, ಉದಾಹರಣೆಗೆ 0.60ನ್ನು 0.30ರಿಂದ ಭಾಗಿಸಿದರೆ, ಎರಡು. ಸೆಕೆಯ ಸೀಮೆಯಲ್ಲಿ ಈ ಭಾಗಲಬ್ಧ 1.25ಕ್ಕಿಂತ ಕೆಳಗಿರುವ ಗಾಜನ್ನು ಚಾವಣಿಗೆ ಒಪ್ಪಬೇಡಿ. ಬಣ್ಣದ ಗಾಜು ಶಾಖ ಹೀರಿ ತಾನೇ ಕಾಯುತ್ತದೆ ಕೂಡ. ನಡುಭಾಗ ಬಿಸಿಲಿಗೆ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗಿದ್ದರೆ ಹದಗೊಳಿಸದ ಗಾಜು ಅಂಚಿನಿಂದ ಬಿರಿಯುತ್ತದೆ. ಅಳವಡಿಸಿದ ಮೇಲೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಿದಾಗ ಗಾಜು ಸೀಳುವುದಕ್ಕೂ ಇದೇ ಕಾರಣ.

ಲೇಪನ ಯಾವ ಮೈಗೆ ಬರಬೇಕು ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಜೋಡಿಗಾಜಿನ ನಾಲ್ಕು ಮೈಗಳನ್ನು ಹೊರಗಿನಿಂದ ಒಳಕ್ಕೆ 1, 2, 3, 4 ಎಂದು ಎಣಿಸುತ್ತಾರೆ. ಬಿಸಿಲು ತಡೆಯುವ ಲೇಪನ 2ನೇ ಮೈಯಲ್ಲಿರಬೇಕು. ಚಳಿ ಸೀಮೆಯಲ್ಲಿ ಬಿಸಿಲನ್ನು ಒಳಗೆ ಬಿಟ್ಟು ಕೋಣೆಯ ಶಾಖವನ್ನು ಹೊರಹೋಗದಂತೆ ಹಿಡಿಯುವ ಲೇಪನ 3ನೇ ಮೈಯಲ್ಲಿ ಕೂರುತ್ತದೆ. ತಾನೇ ಶುಚಿಯಾಗುವ ಗಾಜಿನ ಟೈಟಾನಿಯಂ ಡೈಆಕ್ಸೈಡ್ ಲೇಪನ 1ನೇ ಮೈಯಲ್ಲಿ. ಬಿಸಿಲು, ಮಳೆ, ವಾಟ ಮೂರೂ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಮಟ್ಟಸ ತಾರಸಿಯಲ್ಲಿ ಅದಕ್ಕೆ ಹಣ ಹಾಕುವುದು ವ್ಯರ್ಥ.

ಯು-ಮೌಲ್ಯದ ಅಂದಾಜು ಹೀಗೆ: ಒಂಟಿಗಾಜು 5.8, ಸಾದಾ ಜೋಡಿಗಾಜು 2.8, ಲೇಪನ ಮತ್ತು ಆರ್ಗಾನ್ ಅನಿಲವಿರುವ ಜೋಡಿಗಾಜು 1.1, ಟೊಳ್ಳು ಪಾಲಿಕಾರ್ಬೊನೇಟ್ 10 ಮಿ.ಮೀ.ಗೆ 3.0ರಷ್ಟು, 16ಕ್ಕೆ 2.3ರಷ್ಟು, 25ಕ್ಕೆ 1.6ರಷ್ಟು. ಈ ಅಂಕಿಗಳನ್ನು ಅಳೆಯುವುದು ನಿಲ್ಲಿಸಿದ ಗಾಜಿನ ಮೇಲೆ. ಮಲಗಿಸಿದಾಗ ನಡುವಿನ ಅನಿಲ ಹೆಚ್ಚು ಸುಳಿದಾಡುವುದರಿಂದ ಚಳಿಗಾಲದಲ್ಲಿ 1.1 ಎಂಬುದು 1.6ರ ಆಸುಪಾಸಿಗೆ ಏರುತ್ತದೆ. ಮಾರುವವರು ಕೊಟ್ಟ ಅಂಕಿ ನಿಲುವಿನದೋ ವಾಟದ್ದೋ ಎಂದು ಕೇಳಿ.

ಒಳಗೆ ಹನಿ ಕಟ್ಟುವ ತೊಂದರೆಗೂ ಯು-ಮೌಲ್ಯಕ್ಕೂ ನೇರ ನಂಟಿದೆ. ಕೋಣೆ 20 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲೂ ನೀರು ಕಟ್ಟುತ್ತದೆ. ಹೊರಗೆ 5 ಡಿಗ್ರಿ ಇರುವ ರಾತ್ರಿ ಒಂಟಿಗಾಜಿನ ಒಳಮೈ 11ರ ಆಸುಪಾಸಿಗೆ ಇಳಿಯುತ್ತದೆ, ಜೋಡಿಗಾಜಿನದು 15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಡುಗೆಮನೆ, ಬಚ್ಚಲುಮನೆಗಳ ‘ಸೋರಿಕೆ’ಯ ದೂರುಗಳಲ್ಲಿ ಹಲವು ಮಳೆನೀರಿನವಲ್ಲ, ಒಳಗಿನ ಹಬೆಯದೇ. ಮಳೆಯಿಲ್ಲದ ಮುಂಜಾನೆಯೂ ಹನಿ ಬೀಳುತ್ತಿದ್ದರೆ ಸಿಲಿಕೋನ್ ಬಳಿಯಬೇಡಿ. ಹಬೆ ಹೊರಹೋಗಲು ಫ್ಯಾನ್ ಇಡಿ, ಚೌಕಟ್ಟಿನ ಒಳಬದಿಯಲ್ಲಿ ಹನಿ ಹಿಡಿಯುವ ಪುಟ್ಟ ಕಾಲುವೆ ಇರುವ ಪಟ್ಟಿ ಆರಿಸಿ.

ಎಷ್ಟೇ ಒಳ್ಳೆಯ ಗಾಜಾದರೂ ಹೊರಗಿನ ನೆರಳಿನಷ್ಟು ಶಾಖ ತಡೆಯದು. ಒಳಗಿನ ಪರದೆಗೆ ಬಿಸಿಲು ತಾಗುವ ಹೊತ್ತಿಗೆ ಶಾಖ ಆಗಲೇ ಗಾಜು ದಾಟಿರುತ್ತದೆ. ಪಶ್ಚಿಮದ ಮಾಡಾದರೆ ಹೊರಗೆ ನೆರಳುಬಲೆ ಎಳೆಯುವ ಕೊಕ್ಕೆಗಳನ್ನು ಚೌಕಟ್ಟು ಕೂರಿಸುವಾಗಲೇ ಹಾಕಿಸಿ.

ಹಂತ 4: ಭಾರ ಮತ್ತು ಗಾಳಿ

ವಾಸದ ಕೋಣೆಗೆ ಸಾಮಾನ್ಯವಾಗಿ ಬರುವ ಜೋಡಣೆ ಎಂದರೆ ಹೊರಗೆ 6 ಮಿ.ಮೀ., ನಡುವೆ 16 ಮಿ.ಮೀ. ಅಂತರ, ಒಳಗೆ 4 ಮತ್ತು 4 ಮಿ.ಮೀ.ನ ಲ್ಯಾಮಿನೇಟೆಡ್. ಇದರ ತೂಕ ಚದರ ಮೀಟರಿಗೆ ಸುಮಾರು 36 ಕೆ.ಜಿ. ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ತುಂಡು 54 ಕೆ.ಜಿ. ಆಗುತ್ತದೆ. ನಾಲ್ಕು ಜನರಿಲ್ಲದೆ ಅದನ್ನು ಮಾಡಿನ ಮೇಲೆ ಎತ್ತಿ ಕೂರಿಸಲಾಗದು. ತೊಲೆಗಳು ಈ ಭಾರ ಹೊರುತ್ತವೆಯೇ, ಗಾಜಿನ ದಪ್ಪ ಸಾಕೇ ಎಂಬುದನ್ನು ಕಟ್ಟಡ ಎಂಜಿನಿಯರ್ ಲೆಕ್ಕ ಹಾಕಲಿ. ನಾಲ್ಕೂ ಬದಿ ಆಧಾರವಿರುವ ಗಾಜಿಗೂ ಎರಡೇ ಬದಿ ಆಧಾರವಿರುವುದಕ್ಕೂ ದಪ್ಪದಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ. ಮೇಲೆ ನಡೆದಾಡುವ ಗಾಜಿನ ನೆಲ ಬೇರೆಯದೇ ವಸ್ತು. ಬೆಳಕಿಂಡಿಯ ಗಾಜಿನ ಮೇಲೆ ‘ಒಂದು ಹೆಜ್ಜೆ ಇಟ್ಟರೆ ಏನಾಗುತ್ತದೆ’ ಎಂಬ ಧೈರ್ಯ ಬೇಡ.

ಹಗುರವಾದ ಶೀಟಿಗೆ ತೊಂದರೆ ಕೆಳಮುಖದ ಭಾರದಿಂದಲ್ಲ, ಮೇಲಕ್ಕೆತ್ತುವ ಗಾಳಿಯಿಂದ. ಸೆಕೆಂಡಿಗೆ 40 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 100 ಕೆ.ಜಿ. ಭಾರಕ್ಕೆ ಸಮ. ಎರಡು ಕೆ.ಜಿ.ಯೂ ತೂಗದ ಶೀಟು ಅದರ ಮುಂದೆ ಎಲೆ. ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಈ ಸೆಳೆತ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಸ್ಕ್ರೂಗಳನ್ನು ಹತ್ತಿರ ಹತ್ತಿರ ಹಾಕಿ. ಸಾಧಾರಣ ಗಾಳಿಯ ಜಾಗದಲ್ಲಿ 10 ಮಿ.ಮೀ. ಟೊಳ್ಳು ಶೀಟಿಗೆ ಆಧಾರಪಟ್ಟಿಗಳ ನಡುವೆ 70 ಸೆಂ.ಮೀ. ಮೀರದಂತೆ, 16 ಮಿ.ಮೀ. ಶೀಟಿಗೆ ಒಂದು ಮೀಟರ್ ಆಸುಪಾಸಿನಲ್ಲಿ ಇರಲಿ. 2.1 ಮೀಟರ್ ಅಗಲದ ಶೀಟನ್ನು ಮೂರು ಅಥವಾ ಎರಡು ಪಾಲು ಮಾಡಿದರೆ ಸರಿಯಾಗಿ ಈ ಅಳತೆ ಬರುತ್ತದೆ, ತ್ಯಾಜ್ಯವೂ ಉಳಿಯದು.

ಹಂತ 5: ಟೊಳ್ಳು ಪಾಲಿಕಾರ್ಬೊನೇಟ್ ಕೂರಿಸುವ ಕ್ರಮ

ಈ ಶೀಟು ಹಾಳಾಯಿತೆಂದರೆ ಬಹಳ ಮಟ್ಟಿಗೆ ಕೂರಿಸಿದ ರೀತಿಯೇ ಕಾರಣ. ಶೀಟಿನ ಒಳಗಿನ ಕೊಳವೆಗಳು ಮೇಲಿನಿಂದ ಕೆಳಕ್ಕೆ, ನೀರು ಹರಿಯುವ ದಿಕ್ಕಿನಲ್ಲೇ ಇರಬೇಕು. ಅಡ್ಡಡ್ಡ ಹಾಕಿದರೆ ಒಳಗೆ ಸೇರಿದ ತೇವ ಹೊರಬರಲು ದಾರಿಯಿಲ್ಲದೆ ಪಾಚಿ ಕಟ್ಟುತ್ತದೆ.

ನೇರಳಾತೀತ ಕಿರಣ ತಡೆಯುವ ಪದರ ಹಲವು ಶೀಟುಗಳಲ್ಲಿ ಒಂದೇ ಮೈಗಿರುತ್ತದೆ, ಅದೂ ಕೂದಲಿಗಿಂತ ತೆಳ್ಳಗೆ. ಯಾವ ಮೈ ಮೇಲಕ್ಕೆ ಬರಬೇಕೆಂದು ರಕ್ಷಣಾ ಫಿಲ್ಮಿನ ಮೇಲೆ ಅಚ್ಚಾಗಿರುತ್ತದೆ. ಫಿಲ್ಮ್ ಕಿತ್ತ ಮೇಲೆ ಎರಡೂ ಮೈ ಒಂದೇ ಥರ ಕಾಣುತ್ತವೆ, ಹಾಗಾಗಿ ಕತ್ತರಿಸಿದ ಪ್ರತಿ ತುಂಡಿಗೂ ಮೊದಲೇ ಗುರುತು ಹಾಕಿ. ತಲೆಕೆಳಗಾಗಿ ಕೂತ ಶೀಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪೆಡಸಾಗುತ್ತದೆ. ಕೂರಿಸುವಾಗ ಅಂಚಿನ ಐದಾರು ಸೆಂ.ಮೀ. ಫಿಲ್ಮ್ ಮಾತ್ರ ಬಿಡಿಸಿ, ಪಟ್ಟಿ ಹಾಕಿದ ಕೂಡಲೇ ಪೂರ್ತಿ ತೆಗೆಯಿರಿ. ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಅದು ಕಿತ್ತುಬರದಂತೆ ಅಂಟಿಕೊಂಡುಬಿಡುತ್ತದೆ.

ಕತ್ತರಿಸಲು ಸಣ್ಣ ಹಲ್ಲಿನ ಗರಗಸ ಬಳಸಿ. ಕೊಳವೆಗಳೊಳಗಿನ ಪುಡಿಯನ್ನು ಊದಿ ತೆಗೆಯಿರಿ. ಮೇಲ್ತುದಿಯನ್ನು ಪೂರ್ತಿ ಮುಚ್ಚುವ ಅಲ್ಯುಮಿನಿಯಂ ಟೇಪಿನಿಂದ, ಕೆಳತುದಿಯನ್ನು ಗಾಳಿಯಾಡುವ ಸೂಕ್ಷ್ಮರಂಧ್ರದ ಟೇಪಿನಿಂದ ಮುಚ್ಚಿ, ಮೇಲೆ ಯು ಆಕಾರದ ಅಂಚುಪಟ್ಟಿ ಹಾಕಿ. ಎರಡೂ ತುದಿಗೆ ಒಂದೇ ಟೇಪು ಸುತ್ತಿದರೆ, ಮೇಲೆ ನೀರು ಇಳಿಯುತ್ತದೆ ಅಥವಾ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ.

ಹಿಗ್ಗುವಿಕೆಗೆ ಜಾಗ ಬಿಡಿ. ಪಾಲಿಕಾರ್ಬೊನೇಟ್ ಒಂದು ಮೀಟರಿಗೆ, ಒಂದು ಡಿಗ್ರಿಗೆ 0.065 ಮಿ.ಮೀ. ಹಿಗ್ಗುತ್ತದೆ, ಗಾಜಿಗೆ ಇದು 0.009 ಮಾತ್ರ. ಮೂರು ಮೀಟರ್ ಶೀಟು ಚಳಿಯ ಬೆಳಗಿನಿಂದ ಬಿಸಿಲಿನ ಮಧ್ಯಾಹ್ನಕ್ಕೆ 40 ಡಿಗ್ರಿ ಏರಿದರೆ ಸುಮಾರು 8 ಮಿ.ಮೀ. ಉದ್ದವಾಗುತ್ತದೆ. ಮೀಟರಿಗೆ 3 ಮಿ.ಮೀ. ಸಡಿಲ ಬಿಟ್ಟರೆ ಸಾಕು. ಸ್ಕ್ರೂವಿನ ತೂತು ಸ್ಕ್ರೂಗಿಂತ 3 ಮಿ.ಮೀ. ದೊಡ್ಡದಿರಲಿ, ಅಂಚಿನಿಂದ ಕನಿಷ್ಠ 5 ಸೆಂ.ಮೀ. ಒಳಗಿರಲಿ. ಅಗಲ ತಲೆಯ ಇಪಿಡಿಎಂ ರಬ್ಬರ್ ವಾಷರ್ ಹಾಕಿ, ವಾಷರ್ ಒತ್ತಿ ಕೂತಕೂಡಲೇ ತಿರುಗಿಸುವುದು ನಿಲ್ಲಿಸಿ. ಶೀಟು ನುಗ್ಗುವಷ್ಟು ಬಿಗಿದರೆ ಆ ತೂತಿನಿಂದಲೇ ಸೀಳು ಹುಟ್ಟುತ್ತದೆ. ಬಿಸಿಲೇರಿದಾಗ ಮಾಡು ‘ಟಕ್ ಟಕ್’ ಎನ್ನುತ್ತಿದ್ದರೆ ಎಲ್ಲೋ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ.

ಸೀಲೆಂಟ್ ತಟಸ್ಥ ಬಗೆಯ ಸಿಲಿಕೋನ್ ಆಗಿರಬೇಕು. ಹುಳಿ ವಾಸನೆ ಬರುವ ಸಿಲಿಕೋನ್ ಮತ್ತು ಮೆತ್ತನೆಯ ಪಿವಿಸಿ ಗ್ಯಾಸ್ಕೆಟ್ ಎರಡೂ ಪಾಲಿಕಾರ್ಬೊನೇಟ್‌ನಲ್ಲಿ ಜೇಡರಬಲೆಯಂತಹ ಬಿರುಕು ಹುಟ್ಟಿಸುತ್ತವೆ. ಕಮಾನಿನಂತೆ ಬಾಗಿಸುವುದಾದರೆ ಬಾಗಿನ ತ್ರಿಜ್ಯ ಶೀಟಿನ ದಪ್ಪದ 175 ಪಟ್ಟಿಗಿಂತ ಕಡಿಮೆ ಬೇಡ, 10 ಮಿ.ಮೀ. ಶೀಟಿಗೆ ಅದು 1.75 ಮೀಟರ್.

ಹಂತ 6: ಗಾಜಿನ ಚೌಕಟ್ಟು, ನೀರಿನ ದಾರಿ

ಟಫನ್ ಮಾಡಿದ ಮೇಲೆ ಗಾಜನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಆದ್ದರಿಂದ ಚೌಕಟ್ಟು ಕೂತ ನಂತರವೇ ಅಳತೆ ತೆಗೆಯಿರಿ. ಎರಡು ಕರ್ಣಗಳನ್ನೂ ಅಳೆದು, ಚೌಕ ತಪ್ಪಿಲ್ಲವೆಂದು ನೋಡಿ, ಸುತ್ತ 5 ಮಿ.ಮೀ. ಸಡಿಲ ಬಿಟ್ಟು ಗಾಜು ಹೇಳಿ. ಗಾಜು ಎಲ್ಲಿಯೂ ಲೋಹಕ್ಕೆ ತಾಗಬಾರದು. ಕೆಳಗೆ ರಬ್ಬರ್ ದಿಂಬುಗಳ ಮೇಲೆ ಕೂತಿರಬೇಕು, ಜಾರದಂತೆ ಕೆಳತುದಿಯಲ್ಲಿ ತಡೆ ಇರಬೇಕು.

ತಾರಸಿಯಲ್ಲಿ ಕಿಂಡಿಯ ಸುತ್ತಲಿನ ಕಟ್ಟೆ, ನೀರುತಡೆ ಪದರ ಹಾಗೂ ಹಾಸು ಮುಗಿದ ಮೇಲಿನ ಮಟ್ಟದಿಂದ 15 ಸೆಂ.ಮೀ. ಎತ್ತರವಿರಬೇಕು. ನೀರುತಡೆ ಪದರ ಕಟ್ಟೆಯ ಪಕ್ಕೆಯನ್ನು ಹತ್ತಿ ನೆತ್ತಿಯವರೆಗೂ ಹೋಗಬೇಕು. ಅರ್ಧಕ್ಕೆ ನಿಲ್ಲಿಸಿ ಗಾರೆ ಬಳಿದಲ್ಲೇ ಮೊದಲ ಸೋರಿಕೆ ಕಾಣುವುದು. ಇಳಿಜಾರು ಮಾಡಿನಲ್ಲಿ ಕಿಂಡಿಯ ಮೇಲ್ಬದಿಯ ತಗಡು ಹೆಂಚಿನ ಅಡಿಗೆ ಹೋಗಬೇಕು, ಕೆಳಬದಿಯ ತಗಡು ಹೆಂಚಿನ ಮೇಲೆ ಬರಬೇಕು.

ಗಾಜುಗಳ ಸಾಲಿನಲ್ಲಿ ಅಡ್ಡಪಟ್ಟಿಗಳೇ ತೊಂದರೆಯ ಮೂಲ. ವಾಟದಲ್ಲಿ ಇಳಿದು ಬರುವ ನೀರಿಗೆ ಅಡ್ಡಲಾಗಿ ಎದ್ದು ನಿಂತ ಪಟ್ಟಿ ಅಣೆಕಟ್ಟಿನಂತೆ ನೀರು ನಿಲ್ಲಿಸುತ್ತದೆ. ನೀರಿನ ದಿಕ್ಕಿನ ಪಟ್ಟಿಗಳು ಎದ್ದಿರಲಿ ಪರವಾಗಿಲ್ಲ, ಅಡ್ಡ ಸಂದುಗಳನ್ನು ಗಾಜಿನ ಮಟ್ಟಕ್ಕೇ ಸಿಲಿಕೋನ್‌ನಿಂದ ತುಂಬಿಸಿ. ಒಳನುಗ್ಗಿದ ನೀರು ಹೊರಬರಲು ಚೌಕಟ್ಟಿನಲ್ಲಿ ಬಿಟ್ಟಿರುವ ಸಣ್ಣ ತೂತುಗಳನ್ನು ‘ಸೋರದಿರಲಿ’ ಎಂದು ಮುಚ್ಚಿಬಿಡುವ ಕೆಲಸಗಾರರಿದ್ದಾರೆ. ಹಾಗೆ ಮಾಡಿದರೆ ಜೋಡಿಗಾಜಿನ ಅಂಚು ಸದಾ ನೀರಿನಲ್ಲಿ ನೆನೆದು ಅದನ್ನು ಮುಚ್ಚಿದ ಮುದ್ರೆ (ಸೀಲ್) ಬಿಡುತ್ತದೆ, ಒಳಗೆ ಮಬ್ಬು ಕಟ್ಟುತ್ತದೆ. ಆಮೇಲೆ ಅದನ್ನು ಒರೆಸಲು ಬರುವುದಿಲ್ಲ, ಗಾಜನ್ನೇ ಬದಲಿಸಬೇಕು.

ಜೋಡಿಗಾಜಿನ ಅಂಚಿಗೆ ಬಿಸಿಲು ಬೀಳುವಂತಿದ್ದರೆ ಹೊರ ಮುದ್ರೆ ಸಿಲಿಕೋನ್‌ನದ್ದೇ ಆಗಿರಬೇಕು, ಪಾಲಿಸಲ್ಫೈಡ್ ಎಂಬ ಇನ್ನೊಂದು ಬಗೆಯ ಸೀಲೆಂಟ್ ಬಿಸಿಲಿಗೆ ತಾಳುವುದಿಲ್ಲ. ಗಾಜು ತಯಾರಾಗುವ ಊರಿಗೂ ನಿಮ್ಮ ಮನೆಗೂ ಎತ್ತರದಲ್ಲಿ ನೂರಾರು ಮೀಟರ್ ವ್ಯತ್ಯಾಸವಿದ್ದರೆ ಮೊದಲೇ ತಿಳಿಸಿ. ಸಮುದ್ರಮಟ್ಟಕ್ಕಿಂತ 1000 ಮೀಟರ್ ಮೇಲೆ ಗಾಳಿಯ ಒತ್ತಡ ಸುಮಾರು ಶೇ. 11 ಕಡಿಮೆ. ಕೆಳಗೆ ಮುದ್ರೆ ಹಾಕಿ ತಂದ ಜೋಡಿಗಾಜು ಅಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಅಂಚಿನ ಮೇಲೆ ಒತ್ತಡ ಹಾಕುತ್ತದೆ.

ಯಾವ ಜಾಗಕ್ಕೆ ಯಾವುದು

ತೆರೆದ ವರಾಂಡ, ಬಟ್ಟೆ ಒಣಗಿಸುವ ಜಾಗ, ಗಿಡಗಳ ಮೂಲೆಗೆ 10 ಮಿ.ಮೀ. ಟೊಳ್ಳು ಶೀಟ್ ಸಾಕು. ಬಿಸಿಲು ಹೆಚ್ಚಿದ್ದರೆ ಹಾಲುಬಣ್ಣದ್ದು ಹಾಕಿ, ಕಣ್ಣು ಕುಕ್ಕುವುದಿಲ್ಲ, ನೆರಳೂ ಮೆತ್ತಗಿರುತ್ತದೆ. ಮುಚ್ಚಿದ ವರಾಂಡವಾದರೆ 25 ಮಿ.ಮೀ.ಗೆ ಹೋಗಿ. ಜನ ಕೂರುವ ಕೋಣೆ, ಊಟದ ಮೇಜು, ಮೆಟ್ಟಿಲ ಬಾವಿಗೆ ಒಳಗೆ ಲ್ಯಾಮಿನೇಟೆಡ್ ಇರುವ ಲೇಪನದ ಜೋಡಿಗಾಜು. ಮಲಗುವ ಕೋಣೆಗಂತೂ ಪಾಲಿಕಾರ್ಬೊನೇಟ್ ಬೇಡವೇ ಬೇಡ, ಮಳೆಗಾಲದಲ್ಲಿ ನಿದ್ದೆ ಹತ್ತದು. ಕಿಟಕಿಯಿಲ್ಲದ ಬಚ್ಚಲು, ಓಣಿಯಂತಹ ನಡುಮನೆಗೆ ದೊಡ್ಡ ಕಿಂಡಿ ತೆರೆಯುವ ಬದಲು 25 ಅಥವಾ 35 ಸೆಂ.ಮೀ. ವ್ಯಾಸದ, ಒಳಮೈ ಕನ್ನಡಿಯಂತೆ ಹೊಳೆದು ಬೆಳಕನ್ನು ಕೆಳಗಿಳಿಸುವ ಕನ್ನಡಿಕೊಳವೆ ಬೆಳಕಿಂಡಿ ಹಾಕಿ. ಕೊಳವೆ ಆದಷ್ಟು ಗಿಡ್ಡವಾಗಿ, ನೇರವಾಗಿ ಇರಲಿ, ಪ್ರತಿ ತಿರುವಿನಲ್ಲೂ ಬೆಳಕು ಕಳೆಯುತ್ತದೆ. ಹೆಂಚಿನ ಮಾಡಿಗೆ ನಾಲ್ಕಾರು ಗಾಜಿನ ಹೆಂಚುಗಳೇ ಸಾಕಾಗಬಹುದು. ಅಕ್ಕಪಕ್ಕದ ಹೆಂಚಿನ ಅಚ್ಚಿಗೆ ಹೊಂದುವ ಗಾಜಿನ ಹೆಂಚು ಸಿಗದಿದ್ದರೆ ಮಾತ್ರ ಅದನ್ನು ಬಿಡಿ, ಗಾರೆ ಹಚ್ಚಿ ಸರಿದೂಗಿಸಲು ಹೋಗಬೇಡಿ.

ಹಂತ 7: ಗಾಜು ಬಂದಾಗ ಪರೀಕ್ಷಿಸಿ, ಕೂರಿಸಿ, ನೀರು ಹಾಯಿಸಿ

ಟಫನ್ಡ್ ಗಾಜಿನ ಮೂಲೆಯಲ್ಲಿ ಅಳಿಸಲಾಗದ ಮುದ್ರೆ ಇರಬೇಕು. ಧ್ರುವೀಕೃತ ತಂಪುಕನ್ನಡಕ ಹಾಕಿ ಆಕಾಶದ ಬೆಳಕಿನಲ್ಲಿ ನೋಡಿದರೆ ಅದರ ಮೇಲೆ ಮಸುಕಾದ ಪಟ್ಟೆ, ಚುಕ್ಕೆಗಳು ಕಾಣುತ್ತವೆ. ಲ್ಯಾಮಿನೇಟೆಡ್ ಗಾಜಿನ ಅಂಚಿನ ನಡುವೆ ಅಂಟುಪದರದ ಗೆರೆ ಕಾಣುತ್ತದೆ. ಜೋಡಿಗಾಜಿನ ಮುಂದೆ ಬೆಂಕಿಕಡ್ಡಿ ಹಚ್ಚಿ ಹಿಡಿದರೆ ಸಾಲಾಗಿ ಪ್ರತಿಬಿಂಬಗಳು ಮೂಡುತ್ತವೆ. ಲೇಪನವಿರುವ ಮೈಯ ಪ್ರತಿಬಿಂಬದ ಬಣ್ಣ ಬೇರೆಯಾಗಿರುತ್ತದೆ, ಹೊರಗಿನಿಂದ ಎಷ್ಟನೆಯದೆಂದು ಎಣಿಸಿ ಸರಿಯಾದ ಮೈಗೇ ಇದೆಯೆಂದು ತಿಳಿಯಬಹುದು. ಅಂಚಿನಲ್ಲಿ ಚಕ್ಕೆ ಎದ್ದ ಗಾಜನ್ನು ಎಷ್ಟು ಚಿಕ್ಕ ಚಕ್ಕೆಯಾದರೂ ವಾಪಸು ಕಳುಹಿಸಿ. ಚೌಕಟ್ಟಿನೊಳಗೆ ಮರೆಯಾಗುತ್ತದೆ ಎಂಬ ಸಮಾಧಾನ ಬೇಡ, ಬಿರುಕು ಹುಟ್ಟುವುದೇ ಅಲ್ಲಿಂದ.

ಗಾಳಿಯಿಲ್ಲದ, ಒಣ ದಿನ ಕೂರಿಸಿ. ಕೆಳಗಿನ ಕೋಣೆ ಖಾಲಿಯಿರಲಿ. ಶೀಟಿನ ಮೇಲೆ ಓಡಾಡಬೇಕಾದರೆ ತೊಲೆಯಿಂದ ತೊಲೆಗೆ ಹಲಗೆ ಹಾಕಿ ಅದರ ಮೇಲೆಯೇ ನಡೆಯಿರಿ.

ಸಿಲಿಕೋನ್ ಒಣಗಿದ ಮೇಲೆ, ಒಳಗಿನ ಗಾರೆ, ಬಣ್ಣ ಮುಗಿಸುವ ಮೊದಲು ಪೈಪಿನಿಂದ ನೀರು ಹಾಯಿಸಿ. ಕೆಳಗಿನ ಸಂದಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೂವರೆ ಮೀಟರ್ ಉದ್ದಕ್ಕೆ ಐದು ನಿಮಿಷದಂತೆ. ಮೇಲಿನಿಂದ ಶುರುಮಾಡಿದರೆ ಒಮ್ಮೆಲೇ ಎಲ್ಲವೂ ನೆನೆದು, ಸೋರಿಕೆ ಕಂಡರೂ ಯಾವ ಸಂದಿನದು ಎಂದು ತಿಳಿಯುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ.

ಮುಂದೆ ವರ್ಷಕ್ಕೆರಡು ಬಾರಿ, ಮಳೆಗಾಲಕ್ಕೆ ಮೊದಲು ಒಮ್ಮೆ ತಪ್ಪದೆ, ಚೌಕಟ್ಟಿನ ತೂತುಗಳ ಕಸ ತೆಗೆದು ಉಗುರುಬೆಚ್ಚಗಿನ ಸೋಪಿನ ನೀರಿನಿಂದ ಮೆತ್ತನೆಯ ಬಟ್ಟೆಯಲ್ಲಿ ತೊಳೆಯಿರಿ. ಪಾಲಿಕಾರ್ಬೊನೇಟ್‌ಗೆ ಥಿನ್ನರ್, ಅಸಿಟೋನ್, ಉಜ್ಜುವ ಪುಡಿ ಸೋಕಿಸಬೇಡಿ, ಒಣ ಧೂಳನ್ನು ಒಣಗಿದ್ದಂತೆಯೇ ಒರೆಸಬೇಡಿ. ಗಾಜಿನ ಮೂಲೆಯ ಮುದ್ರೆ, ಜೋಡಿಗಾಜಿನ ನಡುವಿನ ಅಂತರಪಟ್ಟಿಯ ಮೇಲಿನ ಬರಹ, ಶೀಟಿನ ಅಂಚಿನ ಅಚ್ಚು ಇವುಗಳ ಫೋಟೊ ತೆಗೆದು ಅಳತೆಯ ಹಾಳೆಯ ಜೊತೆ ಇಟ್ಟುಕೊಳ್ಳಿ. ಒಂದು ತುಂಡು ಒಡೆದಾಗ ಅದೇ ದಪ್ಪದ, ಅದೇ ಲೇಪನದ ಗಾಜನ್ನು ಮಾಡು ಹತ್ತದೆಯೇ ತರಿಸಲು ಅದೊಂದೇ ಆಧಾರ.